ನೆಟ್ಟಗೆ ನಿಂತ ಮುಳ್ಳು

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀರುತ್ತಾರೆ, ಎರಡು ಗೀರುತ್ತಾರೆ, ಆಮೇಲೆ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ನಾವು ಏನೂ ಹೇಳುವುದಿಲ್ಲ. ಕಡ್ಡಿಯೆಲ್ಲ ಮುಗಿಯುವ ತನಕ ನೋಡುತ್ತ ಕೂರುವುದು ನಮಗೊಂದು ಮೋಜು. ದೇವರ ಮುಂದೆ ನಾವು ದೀಪದ ಬದಲು ಹೂವಿಡುತ್ತೇವೆ. ಬೀಡಿಯ ಚಟ ಇರುವವರು ಅದನ್ನು ಅಗಿದು ಉಗಿಯುತ್ತಾರೆ.

ಹಾಗಂತ ನಾವು ತಂಗಳು ತಿಂದು ಬದುಕುವವರೆಂದು ತಿಳಿಯಬೇಡಿ. ಗುಡ್ಡದ ಕಡೆಯಿಂದ ನಮಗೆ ಕರೆಂಟು ಬರುತ್ತದೆ. ಗುಡ್ಡಕ್ಕೆ ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಬೇಡಿ, ನಮ್ಮಪ್ಪನನ್ನು ಕೇಳಿದವರಿಗೂ ಉತ್ತರ ಸಿಕ್ಕಿರಲಿಲ್ಲ. ನಮ್ಮ ಬೀದಿಯ ಮೂಡಲ ಸಾಲಿನಲ್ಲಿ ಹದಿನೆಂಟು ಮನೆ, ಪಡುವಲ ಸಾಲಿನಲ್ಲಿ ಹದಿನೆಂಟು ಮನೆ. ಎದುರುಬದುರಿನ ಎರಡು ಮನೆ ಸೇರಿ ಒಂದು ಜೊತೆ. ಪ್ರತಿ ಜೊತೆಗೂ ರಸ್ತೆಯ ಕೆಳಗೆ ಎರಡು ತಂತಿ ಹೂತಿದೆ, ಒಂದು ಕಬ್ಬಿಣದ್ದು, ಒಂದು ತಾಮ್ರದ್ದು. ಆ ಎರಡೂ ತಂತಿ ಎರಡೂ ಮನೆಯ ಅಡಿಗೆಕಟ್ಟೆಯ ಮೇಲೆ ಎದ್ದುಬಂದು ಅಂಗೈಯಗಲದ ಒಂದು ಬಿಲ್ಲೆಯಾಗಿ ಬೆಸೆದುಕೊಂಡಿರುತ್ತವೆ. ಕರೆಂಟು ಒಂದು ದಿಕ್ಕಿಗೆ ಹರಿದರೆ ಮೂಡಲ ಮನೆಯ ಬಿಲ್ಲೆ ಕಾಯುತ್ತದೆ, ಪಡುವಲ ಮನೆಯ ಬಿಲ್ಲೆಯ ಮೇಲೆ ಮಂಜು ಕಟ್ಟುತ್ತದೆ. ದಿಕ್ಕು ತಿರುಗಿಸಿದರೆ ಅದು ಇದಾಗುತ್ತದೆ, ಇದು ಅದಾಗುತ್ತದೆ. ಎದುರುಮನೆ ತಣ್ಣಗಾಗದೆ ನಮ್ಮ ಮನೆ ಬಿಸಿಯಾಗುವುದಿಲ್ಲ.

ಅದಕ್ಕೇ ಸರದಿ. ಮುಂಜಾನೆಯಿಂದ ಮಧ್ಯಾಹ್ನದ ತನಕ ಬಿಸಿ ಮೂಡಲ ಸಾಲಿಗೆ, ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಪಡುವಲ ಸಾಲಿಗೆ. ಬಿಸಿಯ ಸರದಿಯಲ್ಲಿ ಬೇಯಿಸುತ್ತೇವೆ, ತಂಪಿನ ಸರದಿಯಲ್ಲಿ ಬಿಲ್ಲೆಯ ಸುತ್ತ ಹಾಲು, ಬೆಣ್ಣೆ, ಕಟ್ಟಿದ ಮಲ್ಲಿಗೆ ಇಟ್ಟುಕೊಳ್ಳುತ್ತೇವೆ. ಎದುರುಮನೆಯ ಬಿಸಿ ತೆಗೆದು ಬೇಯಿಸಿದ್ದನ್ನು ಅವರಿಗೊಂದು ತಟ್ಟೆ ಕೊಡದೆ ನಾವು ಉಣ್ಣುವ ಹಾಗಿಲ್ಲ. ಬೆಳಿಗ್ಗೆ ಮೂಡಲಿಂದ ಪಡುವಲಿಗೆ ತಟ್ಟೆ ಹೋಗುತ್ತದೆ, ಸಂಜೆ ಪಡುವಲಿಂದ ಮೂಡಲಿಗೆ ಬರುತ್ತದೆ. ಮೂರನೇ ಜೊತೆಯ ಅಣ್ಣತಮ್ಮಂದಿರು ಒಂದು ಹಲಸಿನ ಮರಕ್ಕಾಗಿ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ. ಅಣ್ಣ ತಟ್ಟೆ ತಂದು ತಮ್ಮನ ಜಗಲಿಯ ಮೇಲೆ ಕುಕ್ಕಿ, ತಿರುಗಿ ಬರುವಾಗ ಕ್ಯಾಕರಿಸಿ ಉಗಿಯುತ್ತಾನೆ. ಆದರೆ ತಟ್ಟೆ ತಪ್ಪಿಸಿಲ್ಲ. ತಮ್ಮನೂ ಬಯ್ಯುತ್ತಲೇ ಬಳಿದು ಉಣ್ಣುತ್ತಾನೆ.

ಇನ್ನು ರಸ್ತೆಯ ಮಾತು. ಕರೆಂಟು ಆ ಕಡೆ ಹೋಗಲಿ, ಈ ಕಡೆ ಬರಲಿ, ದಾರಿಯ ನಡುವೆ ತಂತಿ ತನ್ನಷ್ಟಕ್ಕೆ ತಾನು ಸ್ವಲ್ಪ ಕಾಯುತ್ತದೆ. ಅದನ್ನು ನಾವು ಪೋಲು ಬಿಸಿ ಎನ್ನುತ್ತೇವೆ. ಅದರಿಂದ ಅನ್ನವೂ ಬೇಯದು, ಹಾಲೂ ಕಾಯದು. ನಾಯಿಗಳು ಅದರ ಮೇಲೆ ಮಲಗುತ್ತವೆ, ಹೆಂಗಸರು ಮೆಣಸಿನಕಾಯಿ ಹರವುತ್ತಾರೆ. ಪಡುವಲ ಸಾಲಿನ ನಿಂಗಜ್ಜಿಗಂತೂ ಮಂಡಿನೋವಿಗೆ ಅದೇ ಔಷಧಿ. ಬೆಳಗಾದರೆ ಗೋಣಿತಾಟು ಹಾಸಿಕೊಂಡು ರಸ್ತೆಯ ನಡುವೆ ಕಾಲು ಚಾಚಿ ಕೂತುಬಿಡುತ್ತಾಳೆ. ಗಾಡಿಯವರು ಅವಳನ್ನು ಸುತ್ತಿಕೊಂಡು ಹೋಗಬೇಕು. ಬೀದಿಯಲ್ಲಿ ಅವಳ ಬಾಯಿಗೆ ಸಿಕ್ಕದವರು ಯಾರೂ ಇಲ್ಲ.

ಕರೆಂಟಿನ ದಿಕ್ಕು ತಿರುಗಿಸುವುದು ನನ್ನ ಕೆಲಸ. ಮೊದಲು ಅಪ್ಪನದಾಗಿತ್ತು. ಅವನು ಹೋದ ಮೇಲೆ ಕೆಲವು ವರ್ಷ ನಮ್ಮವ್ವ ಸಾಕಮ್ಮ ಮಾಡಿದಳು, ಅವಳ ಭುಜ ಹಿಡಿದುಕೊಂಡ ಮೇಲೆ ನನ್ನ ಪಾಲಿಗೆ ಬಂತು. ಬೀದಿಯ ತುದಿಯಲ್ಲಿ ಒಂದು ದೊಡ್ಡ ಹಿಡಿ ಇದೆ, ಮೂಡಲಿಗೆ ತಳ್ಳಿದರೆ ಇಡೀ ಮೂಡಲ ಸಾಲು ಕಾಯುತ್ತದೆ, ಪಡುವಲಿಗೆ ತಳ್ಳಿದರೆ ಪಡುವಲ ಸಾಲು. ಆದರೆ ಈ ಕಡೆಯಿಂದ ಆ ಕಡೆಗೆ ದಡಕ್ಕನೆ ತಿರುಗಿಸಿದರೆ ಬಿಲ್ಲೆಗಳು ಸೀಳಿಬಿಡುತ್ತವೆ. ಹಾಗಾಗಿ ಮಧ್ಯಾಹ್ನ ಜಾಗಟೆ ಬಾರಿಸಿ, ಹಿಡಿಯನ್ನು ನಡುವಿಗೆ ತಂದು, ಒಂದು ಗಂಟೆ ತಂತಿಗೆ ವಿಶ್ರಾಂತಿ ಕೊಡಬೇಕು. ಕಾದ ಬಿಲ್ಲೆ ಆರಿ, ತಣಿದ ಬಿಲ್ಲೆ ಏರಿ, ಎರಡೂ ಒಂದೇ ಹದಕ್ಕೆ ಬರಬೇಕು. ಬಂತೋ ಇಲ್ಲವೋ ಎಂದು ತಿಳಿಯಲು ರಸ್ತೆಯ ನಡುವೆ ಪ್ರತಿ ಜೊತೆಗೂ ಒಂದು ಗಿಡ್ಡ ಕಂಬವಿದೆ, ಕಂಬದ ತಲೆಯ ಮೇಲೆ ಗಾಜಿನೊಳಗೆ ಒಂದು ಮುಳ್ಳಿದೆ. ಮೂಡಲ ಬಿಲ್ಲೆ ಒಂದು ಕೂದಲೆಳೆಯಷ್ಟು ಹೆಚ್ಚು ಬೆಚ್ಚಗಿದ್ದರೂ ಮುಳ್ಳು ಮೂಡಲಿಗೆ ವಾಲುತ್ತದೆ, ಪಡುವಲದ್ದು ಹೆಚ್ಚಿದ್ದರೆ ಪಡುವಲಿಗೆ. ಹದಿನೆಂಟು ಮುಳ್ಳೂ ನೆಟ್ಟಗೆ ನಿಂತ ಮೇಲೆಯೇ ಎರಡನೆಯ ಜಾಗಟೆ ಬಾರಿಸಿ ಹಿಡಿ ತಿರುಗಿಸಬೇಕು. ಒಂದು ವಾಲಿದ್ದರೂ ಕಾಯಬೇಕು. ಇದು ಅಪ್ಪ ಹೇಳಿಕೊಟ್ಟ ಪಾಠ.

ಹದಿನೆಂಟರಲ್ಲಿ ನನ್ನನ್ನು ಗೋಳುಹುಯ್ದುಕೊಂಡದ್ದು ಏಳನೇ ಮುಳ್ಳು. ಅದೂ ನಮ್ಮ ಮನೆಯದೇ. ಮಧ್ಯಾಹ್ನ ಎಲ್ಲ ಮುಳ್ಳೂ ನೆಟ್ಟಗಾಗಿ ಅರ್ಧ ಗಂಟೆ ಕಳೆದಿದ್ದರೂ ಇದೊಂದು ಮೂಡಲಿಗೆ ಒಂದು ಗೆರೆ ವಾಲಿ ನಿಂತಿರುತ್ತಿತ್ತು. ಇನ್ನೇನು ಜಾಗಟೆಗೆ ಕೈ ಹಾಕಬೇಕು, ಅಷ್ಟರಲ್ಲಿ ಸರಿಯಾಗುತ್ತಿತ್ತು. ಸಂಜೆ ಹಿಡಿಯನ್ನು ನಡುವಿಗೆ ತಂದ ಮೇಲೆ ಇದೇ ಮುಳ್ಳು ಪಡುವಲಿಗೆ ವಾಲುತ್ತಿತ್ತು. ಬೆಸುಗೆ ಕೆಟ್ಟಿದೆ ಎಂದುಕೊಂಡು ನಾನು ನಾಲ್ಕು ವರ್ಷದಲ್ಲಿ ಐದು ಸಲ ಬಿಲ್ಲೆ ಬಿಚ್ಚಿ ಹೊಸದಾಗಿ ಬೆಸೆದೆ. ರಸ್ತೆ ಅಗೆದು ತಂತಿಗೆ ಹೊಸ ಅರಗು ಸುತ್ತಿದೆ. "ಡೊಂಕು ಮುಳ್ಳಿಂದಲ್ಲ ಕಣೇ, ನಿನ್ನ ಕೆಲಸದ್ದು" ಎಂದು ನಿಂಗಜ್ಜಿ ಅಗೆದ ಗುಂಡಿಯ ಪಕ್ಕದಲ್ಲೇ ಕೂತು ಅಂದಳು. ನಮ್ಮವ್ವ ಜಗಲಿಯಿಂದ ಎಲ್ಲ ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ.

ನಮ್ಮ ಎದುರುಮನೆ ಮುದ್ದೀರಯ್ಯನವರದು. ದರ್ಜಿ. ಐವತ್ತೈದರ ಆಸುಪಾಸು, ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು ಇಲ್ಲದ ಮುದ್ದೀರಯ್ಯನನ್ನು ನಾನು ಕಂಡಿಲ್ಲ. ಬೆಳಿಗ್ಗೆಯೆಲ್ಲ ಹೊಲಿಯುತ್ತಾರೆ, ಮಧ್ಯಾಹ್ನ ಬಿಸಿ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಬಿಲ್ಲೆಯ ಮೇಲಿಟ್ಟು ಕಾಯಿಸಿ ಬಟ್ಟೆ ಉಜ್ಜುತ್ತಾರೆ, ಆಮೇಲೆ ಅಡಿಗೆ. ಮಾತು ಕಡಿಮೆ. ನಮ್ಮವ್ವನದು ಅದಕ್ಕೆ ಸರಿಯಾಗಿ ಹೆಚ್ಚು, ಬೇರೆಯವರ ಹತ್ತಿರ. ಮುದ್ದೀರಯ್ಯನ ಹತ್ತಿರ ಮಾತ್ರ ಅವಳದು ತಟ್ಟೆಯ ಮಾತಷ್ಟೇ. "ಉಪ್ಪು ಕಮ್ಮಿ ಆಗಿತ್ತೇನೋ." "ಇಲ್ಲ, ಹದವಾಗಿತ್ತು." ಇಷ್ಟು. ವಿಧವೆ ಒಬ್ಬಳು, ಹೆಂಡತಿ ಸತ್ತವನೊಬ್ಬ, ನಡುವೆ ರಸ್ತೆ, ರಸ್ತೆಯ ಮೇಲೆ ನಿಂಗಜ್ಜಿ. ಇನ್ನೇನು ಮಾತಾಡಿಯಾರು?

ಆದರೆ ಬಾಯಿಯಲ್ಲಿ ಆಡದ್ದನ್ನು ಅವರು ಆಡುತ್ತಲೇ ಇದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಕೊನೆಗೆ, ಆದರೂ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ವಿಶ್ರಾಂತಿಯ ಹೊತ್ತಿನಲ್ಲಿ ಅವ್ವ ಹುಣಸೆಹುಳಿ ಹಾಕಿ ಬಿಲ್ಲೆ ಉಜ್ಜಿದವಳು ಯಾವುದೋ ಯೋಚನೆಯಲ್ಲಿ ಅಂಗೈಯನ್ನು ಅದರ ಮೇಲೇ ಇಟ್ಟುಕೊಂಡು ನಿಂತಳು. ಮೈಯ ಬಿಸಿ ಸಾಕು, ಮುಳ್ಳು ವಾಲಿತು. ಎದುರು ಜಗಲಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಮುದ್ದೀರಯ್ಯ ಅದನ್ನು ಕಂಡರು. ಕಂಡು, ಅವತ್ತು ಸಂಜೆ ಹಿಡಿ ನಡುವಿಗೆ ಬಂದು ಬಿಲ್ಲೆ ಆರಿದ ಮೇಲೆ, ಒಳಗೆ ಹೋಗಿ ತಮ್ಮ ಅಂಗೈ ಇಟ್ಟರು. ಅವ್ವ ನಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುಳ್ಳು ಪಡುವಲಿಗೆ ವಾಲಿತು. ಅವಳಿಗೆ ಕೈಯಲ್ಲಿದ್ದ ಕಲ್ಲು ಯಾವುದು ಅಕ್ಕಿ ಯಾವುದು ತಿಳಿಯಲಿಲ್ಲವಂತೆ. ಅಲ್ಲಿಂದ ದಿನಾ ಮಧ್ಯಾಹ್ನ ಅವಳ ಕೈ, ಅವರ ಕಣ್ಣು. ಸಂಜೆ ಅವರ ಕೈ, ಅವಳ ಕಣ್ಣು. ಒಮ್ಮೆ ಅವ್ವನಿಗೆ ಜ್ವರ ಬಂದಾಗ ಮುಳ್ಳು ಒಂದರ ಬದಲು ಎರಡು ಗೆರೆ ವಾಲಿತ್ತು. ಆವತ್ತು ಸಂಜೆಯ ತಟ್ಟೆಯಲ್ಲಿ ಅನ್ನದ ಬದಲು ಗಂಜಿಯೂ ಮೆಣಸಿನ ಕಷಾಯವೂ ಬಂತು. ಇವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದ್ದಕ್ಕೆ ಅವ್ವ "ದರ್ಜಿಗೆ ಮೈಯಳತೆ ಗೊತ್ತಿರಲ್ವೇನೇ" ಎಂದು ಹೊದ್ದು ಮಲಗಿದಳು.

ಇದಕ್ಕೆ ಕಲ್ಲು ಹಾಕಿದ್ದು ಪಂಚಾಯ್ತಿ. ಪಡುವಲ ಸಾಲಿನವರಿಗೆ ಸಂಜೆಯ ಹೊತ್ತು ಸಾಲುತ್ತಿಲ್ಲ, ಉಣ್ಣುವಾಗ ಸಾರು ಆರಿಹೋಗುತ್ತದೆ ಎಂದು ನಿಂಗಜ್ಜಿಯೇ ಮುಂದಾಗಿ ಕೂಗಾಡಿದಳು. ಹೋದ ಯುಗಾದಿಯಿಂದ ಕರೆಂಟು ಊರು ಮಲಗುವ ತನಕ ಹರಿಯಲಿ ಎಂದು ತೀರ್ಮಾನವಾಯಿತು. ಜಗಲಿಯಲ್ಲಿ ಕೂತು ಮುಳ್ಳು ನೋಡುವ ಬೆಳಕಿನ ಹೊತ್ತು ಹೋಯಿತು. ಮುದ್ದೀರಯ್ಯನ ಸರದಿಯೇ ಇಲ್ಲವಾಯಿತು.

ಉಳಿದದ್ದು ಮಧ್ಯಾಹ್ನವೊಂದೇ. ಅವ್ವ ಯೋಚನೆ ಮಾಡಿದಳು. ಬಿಲ್ಲೆ ಹದಕ್ಕೆ ಬಂದ ಮೇಲೆ ಅರ್ಧ ಗಂಟೆ ಇರುತ್ತದಲ್ಲ, ಅದರಲ್ಲಿ ಮೊದಲ ಪಾಲು ತಾನು ಕೈ ಇಡುವುದು, ಎರಡನೆಯ ಪಾಲು ಅವರಿಗೆ ಬಿಟ್ಟು ಜಗಲಿಗೆ ಬಂದು ನೋಡುವುದು. ಮಾರನೆಯ ದಿನ ಹಾಗೇ ಮಾಡಿದಳು. ಕೈ ಇಟ್ಟು, ಬೆವರೊರೆಸಿಕೊಂಡು ಹೊರಗೆ ಬಂದು ನೋಡಿದರೆ ಮುದ್ದೀರಯ್ಯ ಎದುರು ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಮುಳ್ಳು ನೆಟ್ಟಗಿತ್ತು. ಬಹುಶಃ ಅವರಿಗೆ ಮೊದಲ ಪಾಲೇ ಬೇಕೇನೋ ಎಂದುಕೊಂಡು ಮರುದಿನ ಅವ್ವ ಮೊದಲು ಜಗಲಿಯಲ್ಲಿ ಕೂತಳು. ಅವರೂ ಕೂತಿದ್ದರು. ಮುಳ್ಳು ಅಲುಗಲಿಲ್ಲ. ಎದ್ದು ಒಳಗೆ ಹೋಗಿ ತನ್ನ ಪಾಲಿನ ಕೈ ಇಟ್ಟು ಬಂದಳು. ಹೀಗೆ ಒಂದು ವಾರ, ಎರಡು ವಾರ. ಅವಳು ಯಾವಾಗ ಜಗಲಿಗೆ ಬಂದರೂ ಅವರು ಜಗಲಿಯಲ್ಲೇ ಇರುತ್ತಿದ್ದರು, ಮುಳ್ಳು ನೆಟ್ಟಗೆ ಇರುತ್ತಿತ್ತು. ಕೈ ಇಡಲು ಮನಸ್ಸಿಲ್ಲದವರು ಕೂತು ನೋಡುವುದಾದರೂ ಯಾಕೆ ಎಂದು ಅವಳಿಗೆ ಉರಿಯಿತು.

ನನಗೋ ಇದು ಯಾವುದೂ ಗೊತ್ತಿಲ್ಲ. ಏಳನೇ ಮುಳ್ಳು ಮಧ್ಯಾಹ್ನವೆಲ್ಲ ನೆಟ್ಟಗೆ ನಿಂತಿದೆಯಲ್ಲ, ಅಂತೂ ನನ್ನ ಐದನೆಯ ಬೆಸುಗೆ ಗೆದ್ದಿತು ಎಂದು ಬೀದಿಯಲ್ಲಿ ಜಂಬ ಕೊಚ್ಚಿಕೊಂಡು ತಿರುಗಿದೆ. ಮನೆಯಲ್ಲಿ ಅವ್ವನಿಗೂ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಡಿದಳು.

ತಟ್ಟೆಗಳು ಮಾತ್ರ ಹೋಗಿಬರುತ್ತಿದ್ದವು, ಪದ್ಧತಿ ಬಿಡಲಾಗುತ್ತದೆಯೆ? ಆದರೆ ನಮ್ಮ ಮನೆಯಿಂದ ಹೋಗುವ ಉಪ್ಪಿಟ್ಟಿನ ಮೇಲೆ ಮೊದಲಿನ ಕಾಯಿತುರಿ ಇಲ್ಲ, ಒಗ್ಗರಣೆಯಲ್ಲಿ ಕಡಲೆಬೇಳೆ ಇಲ್ಲ. ಅಲ್ಲಿಂದ ಬರುವ ಮುದ್ದೆ ಗಂಟುಗಂಟು, ಬಸ್ಸಾರಿಗೆ ಬೆಳ್ಳುಳ್ಳಿ ಬಿದ್ದಿಲ್ಲ. ನಾನು ನಡುವೆ ಸಿಕ್ಕಿಕೊಂಡು ಎರಡೂ ಕಡೆಯ ಸಪ್ಪೆ ಉಣ್ಣಬೇಕಾಯಿತು. "ಯಾಕವ್ವಾ ಅವರಿಗೂ ನಿನಗೂ ಏನಾಯ್ತು?" ಎಂದರೆ, "ಏನಾಗ್ತದೆ? ಅವರ್ಯಾರೋ ನಾವ್ಯಾರೋ. ತಂತಿ ಹೂತಿದಾರೆ ಅಂತ ತಟ್ಟೆ ಹೋಗ್ತದೆ, ಅಷ್ಟೆಯ."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಟ್ಟೆ ತೆಗೆದುಕೊಂಡು ಹೋದ ನನಗೆ ಮುದ್ದೀರಯ್ಯ ಜಗಲಿಯ ಮೇಲೆ ಕೂರಲು ಹೇಳಿದರು. ಹೊಲಿಗೆ ಮಿಷನ್ನಿನ ತಲೆ ಬಿಚ್ಚಿ ಗೋಣಿಯಲ್ಲಿ ಸುತ್ತಿ ಇಟ್ಟಿತ್ತು.

"ಕೆಂಪವ್ವ, ನಾನು ನಮ್ಮ ಅಕ್ಕನ ಊರಿಗೆ ಹೋಗ್ತಾ ಇದೀನಿ ಕಣಮ್ಮ. ಗುರುವಾರ ಮಧ್ಯಾಹ್ನ ಗಾಡಿ ಬರ್ತದೆ. ಮನೆ ಪಂಚಾಯ್ತಿಗೆ ಒಪ್ಪಿಸಿದೀನಿ. ಯಾರನ್ನಾರ ಕೂರಿಸ್ತಾರೆ. ನಿಮ್ಮ ಬಿಲ್ಲೆಗೇನೂ ತೊಂದ್ರೆ ಆಗಲ್ಲ."

"ಎಷ್ಟು ದಿನಕ್ಕೆ ಹೋಗ್ತೀರ?"

"ಬರೋ ಅಂಗಿಲ್ಲ. ಅಲ್ಲಿ ಬೆಂಕಿ ಹತ್ತುತ್ತದಂತೆ, ಯಾವಾಗ ಬೇಕಾದ್ರೂ ಇಸ್ತ್ರಿ ಮಾಡ್ಬೋದು." ಸ್ವಲ್ಪ ಹೊತ್ತು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನಿಮ್ಮವ್ವಂಗೆ ನೀನೇ ಹೇಳ್ಬಿಡಮ್ಮ. ಇಷ್ಟು ವರ್ಷ ಉಂಡಿದೀನಿ. ಅಷ್ಟು ಹೇಳು ಸಾಕು."

ಹೇಳಿದೆ. ಅವ್ವ ಬಿಲ್ಲೆಯ ಮೇಲಿದ್ದ ಹೆಂಚಿಗೆ ದೋಸೆ ಹುಯ್ಯುತ್ತಿದ್ದಳು. ಹುಯ್ದಳು, ತಿರುವಿ ಹಾಕುವುದನ್ನು ಮರೆತಳು. ದೋಸೆ ಸೀದು ಹೊಗೆ ಎದ್ದಿತು. "ಹೋಗ್ಲಿ ಬಿಡು, ಅವರಕ್ಕ ಅವರಿಗೆ" ಎಂದಳು. ಆಮೇಲೆ ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಸಂಜೆ ಬಂದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂರುತ್ತಿದ್ದಳು, ಅದು ಆರುತ್ತಿತ್ತು. ಆಗ ನನಗೆ ಏನೋ ಹೊಳೆಯಿತು. ಪೂರ್ತಿಯಲ್ಲ, ಅರ್ಧ. ನನಗೆ ಒಂದು ಸಣ್ಣ ಮುನಿಸೂ ಬಂತು, ಸುಳ್ಳು ಹೇಳುವುದಿಲ್ಲ. ಅಪ್ಪನ ಜಾಗದಲ್ಲಿ ಇನ್ನೊಬ್ಬರನ್ನು ನೆನೆಸಿಕೊಳ್ಳುವುದು ನನಗೆ ಕಷ್ಟವಾಯಿತು. ಆದರೆ ಅಪ್ಪ ಹೋಗಿ ಹದಿಮೂರು ವರ್ಷವಾಗಿತ್ತು. ಈ ಹದಿಮೂರು ವರ್ಷದಲ್ಲಿ ಅವ್ವ ತಟ್ಟೆಯ ಮುಂದೆ ಹೀಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಅವಳ ಮುಖ ನೋಡಿ ನನ್ನ ಮುನಿಸು ತಾನಾಗೇ ಕರಗಿತು.

ಗುರುವಾರ ಬಂತು. ಮಧ್ಯಾಹ್ನ ಮೊದಲ ಜಾಗಟೆ ಬಾರಿಸಿ ಹಿಡಿಯನ್ನು ನಡುವಿಗೆ ತಂದೆ. ಮುದ್ದೀರಯ್ಯನ ಮನೆಯ ಮುಂದೆ ಗಾಡಿ ಬಂದು ನಿಂತಿತ್ತು. ಗಾಡಿಯವನು ಮಿಷನ್ನು, ಒಂದು ಪೆಟ್ಟಿಗೆ, ಹಾಸಿಗೆಯ ಸುರುಳಿ ಏರಿಸಿ ನೆರಳಿನಲ್ಲಿ ಕೂತಿದ್ದ. ಮುದ್ದೀರಯ್ಯ ಜಗಲಿಯಲ್ಲಿ ಕಾಣಲಿಲ್ಲ, ಒಳಗೆ ಇನ್ನೇನೋ ಕಟ್ಟುತ್ತಿದ್ದಾರೆ ಎಂದುಕೊಂಡೆ. ಒಂದೊಂದೇ ಕಂಬ ನೋಡುತ್ತ ಬಂದೆ. ಏಳನೆಯದು ನೆಟ್ಟಗಿತ್ತು. ಉಳಿದವೂ ನೆಟ್ಟಗಾದವು. ಇನ್ನೂ ಹೊತ್ತಿತ್ತು, ಬಾಯಾರಿಕೆಯಾಗಿತ್ತು, ನೀರು ಕುಡಿಯಲು ಮನೆಯೊಳಗೆ ಹೋದೆ.

ಅವ್ವ ಅಡಿಗೆಕಟ್ಟೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಬಲಗೈ ಬಿಲ್ಲೆಯ ಮೇಲಿತ್ತು. ಅದರ ಮೇಲೆ ಎಡಗೈ ಒತ್ತಿ ಹಿಡಿದಿದ್ದಳು. ನಾನು ಬಂದದ್ದು ಗೊತ್ತಾದರೂ ಕೈ ತೆಗೆಯಲಿಲ್ಲ.

"ಏನವ್ವಾ ಇದು? ವಿಶ್ರಾಂತಿ ಹೊತ್ನಲ್ಲಿ ಬಿಲ್ಲೆ ಮುಟ್ಬಾರ್ದು ಅಂತ ನನ್ನ ಬೆನ್ನಿಗೆ ಹಾಕಿದೋಳು ನೀನೇಯ."

"ಬಯ್ಯಬೇಡ ಕಣೇ. ಇವತ್ತೊಂದಿನ." ಹಾಗೆ ನಿಂತೇ ನಾಲ್ಕು ವರ್ಷದ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಳು. "ಯುಗಾದಿಯಿಂದ ಅವ್ರು ಕೈ ಇಟ್ಟಿಲ್ಲ. ಒಂದ್ ಸಲಾನೂ ಇಟ್ಟಿಲ್ಲ. ನಾನು ಒಂದಿನಾನೂ ಬಿಟ್ಟಿಲ್ಲ ಕೆಂಪಿ. ಇವತ್ತು ಜಗಲಿಗೂ ಹೋಗಲ್ಲ, ನೋಡೋದೂ ಇಲ್ಲ. ಅವರ ಗಾಡಿ ಹೊರಡೋ ತನಕ ಇಟ್ಟಿರ್ತೀನಿ. ಅವ್ರು ನೋಡ್ಲಿ, ಬಿಡ್ಲಿ."

ನನ್ನ ಐದು ಬೆಸುಗೆ, ಅಗೆದ ಗುಂಡಿ, ನಿಂಗಜ್ಜಿಯ ಮಾತು ಎಲ್ಲ ಒಟ್ಟಿಗೆ ತಲೆಯಲ್ಲಿ ಸುಳಿದವು. ಅವಳ ಹೆಗಲು ಹಿಡಿದುಕೊಳ್ಳಬೇಕು ಎನಿಸಿತು. ಹಿಡಿದುಕೊಂಡೆ ಕೂಡ. ಅವಳ ಕೈ ಬೆಚ್ಚಗಿತ್ತು, ಭುಜ ಬೆಚ್ಚಗಿತ್ತು, ಅಳು ಬಂದು ಮೈಯೇ ಕಾದಿತ್ತು. ಆಗಲೇ ನನ್ನ ಕಸುಬು ನನ್ನನ್ನು ಎಚ್ಚರಿಸಿತು.

"ಅವ್ವಾ, ಎಷ್ಟೊತ್ತಿಂದ ಇಟ್ಟಿದೀಯ ಕೈಯ?"

"ಬಿಲ್ಲೆ ಆರಿದಾಗಿಂದ."

"ಸುಳ್ಳು. ಈಗ ತಾನೆ ಮುಳ್ಳು ನೋಡ್ಕೊಂಡು ಬಂದೆ, ನೆಟ್ಟಗೈತೆ."

"ನಿನ್ನ ಮೇಲಾಣೆ ಇಟ್ಟಿದೀನಿ."

ಹೊರಗೆ ಓಡಿದೆ. ಏಳನೇ ಮುಳ್ಳು ನೆಟ್ಟಗೇ ಇತ್ತು. ಗಾಜನ್ನು ತಟ್ಟಿದೆ, ಸಣ್ಣಗೆ ನಡುಗಿ ಮತ್ತೆ ನೆಟ್ಟಗಾಯಿತು. ತಂತಿ ಕಡಿದಿದೆಯೇ? ಕಡಿದಿದ್ದರೆ ಬೆಳಿಗ್ಗೆ ದೋಸೆ ಆಗುತ್ತಿರಲಿಲ್ಲ. ಮೂಡಲ ಬಿಲ್ಲೆಯ ಮೇಲೆ ಒಂದು ಬಿಸಿ ಕೈ ಇದೆ, ಆದರೂ ಮುಳ್ಳು ವಾಲುವುದಿಲ್ಲ ಎಂದರೆ ಪಡುವಲ ಬಿಲ್ಲೆಯೂ ಅಷ್ಟೇ ಬಿಸಿ ಇರಬೇಕು. ಇಷ್ಟು ಸಣ್ಣ ಲೆಕ್ಕ. ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಮುಳ್ಳು ನೆಟ್ಟಗಿದ್ದರೆ ಎರಡೂ ಕಡೆ ಯಾರೂ ಇಲ್ಲ ಎಂದೇ ನಾವೆಲ್ಲ ಓದಿಕೊಂಡಿದ್ದೆವು. ಎಂಟು ತಿಂಗಳಿಂದ ಒಬ್ಬರು ಇಟ್ಟಾಗಲೇ ಇನ್ನೊಬ್ಬರೂ ಇಟ್ಟಿದ್ದಾರೆ, ಒಬ್ಬರು ಜಗಲಿಗೆ ಬಂದಾಗಲೇ ಇನ್ನೊಬ್ಬರೂ ಬಂದಿದ್ದಾರೆ. ಅವ್ವ ಸರದಿ ಬದಲಿಸಿದ ದಿನವೇ ಅವರೂ ಬದಲಿಸಿದ್ದಾರೆ. ಸಂದಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಪಕ್ಕಕ್ಕೆ ಸರಿದಂತೆ.

ಒಳಗೆ ಹೋಗಿ ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ನಂಬುತ್ತಿರಲಿಲ್ಲ, ತನ್ನ ಸಮಾಧಾನಕ್ಕೆ ಮಗಳು ಕಟ್ಟಿದ ಮಾತು ಎನ್ನುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅಂದೆ, "ಅವ್ವಾ, ಕೈ ತೆಗಿ."

"ತೆಗಿಯಲ್ಲ."

"ತೆಗಿ ಅಂದ್ನಲ್ಲ. ತೆಗೆದು ಹೊರಗೆ ಬಾ."

ಅವಳು ನನ್ನ ಮುಖ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈ ಎತ್ತಿದಳು. ಸೆರಗಿಗೆ ಒರೆಸಿಕೊಳ್ಳುತ್ತ ಜಗಲಿಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಹಣೆಗೆ ಅಂಗೈ ಅಡ್ಡ ಹಿಡಿದಳು. ಅವಳ ಕೈಯ ಬಿಸಿ ಬಿಲ್ಲೆಯಿಂದ ಆರಲು ಒಂದು ನಿಮಿಷ ಹಿಡಿಯಿತು. ಆಮೇಲೆ ಮುಳ್ಳು ಅಲುಗಿತು, ಮೆಲ್ಲಗೆ, ಪಡುವಲಿಗೆ. ಅರ್ಧ ಗೆರೆ. ಒಂದು ಗೆರೆ. ಅಲ್ಲಿ ನಿಂತಿತು.

ಎದುರು ಜಗಲಿಯಲ್ಲಿ ಯಾರೂ ಇರಲಿಲ್ಲ, ಗಾಡಿಯವನು ಎತ್ತಿಗೆ ಹುಲ್ಲು ಹಾಕುತ್ತಿದ್ದ. ಅವ್ವ ಮೆಟ್ಟಿಲಿಳಿದು ರಸ್ತೆಗೆ ಬಂದಳು. ಕೈಯಲ್ಲಿ ತಟ್ಟೆಯಿಲ್ಲ, ತಲೆಯ ಮೇಲೆ ಸೆರಗಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ನಡು ರಸ್ತೆಯಲ್ಲಿ ಕೂತಿದ್ದ ನಿಂಗಜ್ಜಿ ಚಾಚಿದ ಕಾಲನ್ನು ಎಳೆದುಕೊಂಡು ದಾರಿ ಬಿಟ್ಟಳು. ನಿಂಗಜ್ಜಿ ದಾರಿ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವ್ವ ಎದುರುಮನೆಯ ಹೊಸಿಲು ದಾಟಿ ಒಳಗೆ ಹೋದಳು.

ನಾನು ಅವರ ಜಗಲಿಯ ತನಕ ಹೋದೆ. ಕದ್ದು ಕೇಳಿದೆ ಎನ್ನಿ, ಪರವಾಗಿಲ್ಲ.

"ಎಷ್ಟು ದಿನದಿಂದ ಇಡ್ತಾ ಇದ್ದೀರ?" ಅವ್ವನ ದನಿ.

ಮುದ್ದೀರಯ್ಯ ಅಂದರು, "ದಿನಾ ಇಡ್ತಿದ್ದೆ. ಇಟ್ಟು ಹೊರಗೆ ಬಂದ್ ನೋಡೋನು. ನೀವು ಜಗಲೀಲೇ ಇರೋರಿ. ಬಿಟ್ಬಿಟ್ರಿ ಅಂದ್ಕೊಂಡೆ."

"ನಾನ್ಯಾಕೆ ಬಿಡ್ಲಿ?"

"ಮುಳ್ಳು ನೆಟ್ಟಗಿತ್ತಲ್ಲ."

"ಮುಳ್ಳಿಗೇನು ಗೊತ್ತು" ಎಂದಳು ಅವ್ವ. ಆಮೇಲೆ ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ಹಿಂದಕ್ಕೆ ಬಂದುಬಿಟ್ಟೆ. ಅಷ್ಟು ಮರ್ಯಾದೆ ನನಗೂ ಇದೆ.

ಹಿಡಿಯ ಹತ್ತಿರ ಹೋಗಿ ನಿಂತಾಗ ಎರಡನೆಯ ಜಾಗಟೆಯ ಹೊತ್ತು ಮೀರಿತ್ತು. ಪಡುವಲ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಒಬ್ಬಳ ಕೈಯಲ್ಲಿ ತೊಳೆದ ಅಕ್ಕಿ, ಇನ್ನೊಬ್ಬಳ ಸೊಂಟದಲ್ಲಿ ಹಾಲಿಗೆ ಅಳುವ ಕೂಸು. "ಯಾಕೇ ಕೆಂಪಿ, ನಿದ್ದೆ ಹೋದ್ಯೇನೇ? ತಿರುಗ್ಸು" ಎಂದು ಒಬ್ಬಳು ಕೂಗಿದಳು. "ಏಳನೇದು ವಾಲಿದೆ" ಎಂದೆ. ನಿಜವಾಗಿಯೂ ವಾಲಿತ್ತು. ಅದೂ ಒಂದು ಗೆರೆಯಲ್ಲ. ಎರಡು ದಾಟಿ, ಮೂರರ ಹತ್ತಿರ ಹೋಗಿತ್ತು. ಒಬ್ಬರ ಕೈಗೆ ಅದು ಅಷ್ಟು ದೂರ ಹೋಗುವುದಿಲ್ಲ. ಹೆಂಗಸರು ಕಂಬದ ಸುತ್ತ ಬಂದು ನೆರೆದರು, ಗಾಜಿನೊಳಗೆ ಇಣುಕಿದರು, ಗಾಡಿಯ ಮೇಲಿನ ಹಾಸಿಗೆಯ ಸುರುಳಿ ನೋಡಿದರು, ತೆರೆದಿದ್ದ ನಮ್ಮ ಮನೆಯ ಬಾಗಿಲು ನೋಡಿದರು. ಯಾರಿಗೂ ಏನೂ ಹೇಳಬೇಕಾಗಲಿಲ್ಲ.

ಆದರೆ ಬಿಸಿ ಅವರದು, ಸರದಿ ಅವರದು, ಕೂಸಿನ ಹಸಿವೂ ಅವರದೇ. ಒಂದು ಕೂಗು ಹಾಕಿ ಒಳಗಿನವರನ್ನು ಎಚ್ಚರಿಸುವುದು ನನ್ನ ಕೆಲಸವಾಗಿತ್ತು. ನನ್ನ ಬಾಯಿ ಏಳಲಿಲ್ಲ.

ನಿಂಗಜ್ಜಿ ಕೋಲೂರಿಕೊಂಡು ಎದ್ದು ಕಂಬದ ಹತ್ತಿರ ಬಂದಳು. ಮುಳ್ಳನ್ನು ನೋಡಿದಳು, ಬಗ್ಗಿ ಇನ್ನೊಮ್ಮೆ ನೋಡಿದಳು. ಮುದ್ದೀರಯ್ಯನ ಬಾಗಿಲ ಕಡೆ ತಿರುಗಿ ಏನೋ ಅನ್ನುತ್ತಾಳೆ ಎಂದುಕೊಂಡೆ. ಅವಳು ಗಾಡಿಯವನಿಗೆ ಕೈ ಬೀಸಿದಳು.

"ಸಾಮಾನು ಇಳಿಸಪ್ಪ" ಎಂದಳು. ಆಮೇಲೆ ಹೆಂಗಸರಿಗೆ, "ನನ್ನ ಮನೇಲಿ ಬೆಳಿಗ್ಗೆ ಬಂದ ತಟ್ಟೇಲಿ ಇನ್ನೂ ಐತೆ, ಮಗೀಗೆ ತಿನ್ಸು ಬಾರೇ. ಉಳಿದೋರು ಇವತ್ತು ತಣ್ಣಗುಣ್ಣಿ."